ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ನಲ್ಲಿ ರುಡಿಮೆಂಟ್ ಮತ್ತು ಲಯದ ಅಭ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೆಗೆ ಗೋಡೆ ತಾಗಿಕೊಂಡು ಮನೆಗಳಿರುವ ಬೆಂಗಳೂರಿನಲ್ಲಿ ಡ್ರಮ್ಸ್ ಕಲಿಯಲು ಹೊರಟ ಅನೇಕರು ಮನೆಗೆ ತರುವುದು ಎಲೆಕ್ಟ್ರಾನಿಕ್ ಕಿಟ್ಟನ್ನೇ. ಕಿಟ್ ಬಂದ ಮೇಲೆ ಕೈ ಪಳಗಿಸುವುದು ಹೇಗೆ, ಲಯವನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂದು ಕಲಿಯುವವರೂ ಮಕ್ಕಳನ್ನು ಕಲಿಯಲು ಹಾಕಿದ ತಂದೆತಾಯಿಯರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ರುಡಿಮೆಂಟ್ ಎಂದರೆ ಎರಡೂ ಕೈಗಳ ಪೆಟ್ಟುಗಳನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿದ ಮೂಲ ಪಾಠ. ಯಾವ ಕಂಪನಿಯ ಕಿಟ್ ಕೊಳ್ಳಬೇಕೆಂಬ ಚರ್ಚೆ ಇಲ್ಲಿಲ್ಲ.

ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಕಲಿತರೆ ಕೈ ಕೆಡುತ್ತದೆ ಎನ್ನುತ್ತಾರೆ. ಇದು ನಿಜವೇ?

ಕಿಟ್ ಕೈಯನ್ನು ಕೆಡಿಸುವುದಿಲ್ಲ, ಆದರೆ ಕೈಯಲ್ಲಿರುವ ತಪ್ಪುಗಳನ್ನು ಮುಚ್ಚಿಡುತ್ತದೆ. ಬಲೆಯಂಥ ಮೆಶ್ ಹೆಡ್ ಇರುವ ಪ್ಯಾಡ್‌ನಲ್ಲಿ ಸ್ಟಿಕ್ ನಿಜವಾದ ಡ್ರಮ್‌ಗಿಂತ ಹೆಚ್ಚು ಪುಟಿಯುವುದರಿಂದ, ಬೆರಳುಗಳು ಮಾಡಬೇಕಾದ ಕೆಲಸವನ್ನು ಪ್ಯಾಡೇ ಮಾಡಿಬಿಡುತ್ತದೆ. ಅಕೂಸ್ಟಿಕ್, ಅಂದರೆ ವಿದ್ಯುತ್ತಿಲ್ಲದ ನಿಜವಾದ ಕಿಟ್‌ನ ಸ್ನೇರ್‌ನಲ್ಲಿ (ನುಡಿಸುವವರ ಎದುರಿಗಿರುವ ಮುಖ್ಯ ಡ್ರಮ್) ನಡುವಿಗೆ ಬಿದ್ದ ಪೆಟ್ಟಿಗೂ ಅಂಚಿಗೆ ಬಿದ್ದ ಪೆಟ್ಟಿಗೂ ನಾದ ಬೇರೆಯಾಗುತ್ತದೆ. ಕಡಿಮೆ ಬೆಲೆಯ ಕಿಟ್‌ಗಳಲ್ಲಿ ಎಲ್ಲಿ ಹೊಡೆದರೂ ಒಂದೇ ಸ್ವಚ್ಛವಾದ ಧ್ವನಿ ಹೆಡ್‌ಫೋನಿಗೆ ಬರುತ್ತದೆ. ಇದಕ್ಕಿಂತ ದೊಡ್ಡ ಸಮಸ್ಯೆ ಪೆಟ್ಟಿನ ತೂಕದ್ದು. ಮೆಲ್ಲನೆಯ ಪೆಟ್ಟನ್ನು ಸ್ವಲ್ಪ ಎತ್ತಿ, ಜೋರಿನ ಪೆಟ್ಟನ್ನು ಸ್ವಲ್ಪ ಇಳಿಸಿ ಕೇಳಿಸುವಂತೆ ಹೊಂದಿಸಿದ ಮಾಡ್ಯೂಲ್‌ನಲ್ಲಿ (ಪ್ಯಾಡ್‌ನ ಪೆಟ್ಟನ್ನು ಧ್ವನಿಯಾಗಿಸುವ ಪೆಟ್ಟಿಗೆ) ಎಡಗೈ ಎಷ್ಟು ದುರ್ಬಲವಾಗಿದೆ ಎಂಬುದು ನುಡಿಸುವವರಿಗೇ ಗೊತ್ತಾಗುವುದಿಲ್ಲ.

ಇದೇ ಕಿಟ್‌ಗೆ ಅಕೂಸ್ಟಿಕ್ ಡ್ರಮ್‌ಗಿಲ್ಲದ ಒಂದು ಗುಣವೂ ಇದೆ. ಪ್ರತಿ ಪೆಟ್ಟು ಯಾವ ಗಳಿಗೆಯಲ್ಲಿ, ಎಷ್ಟು ಬಲದಿಂದ ಬಿತ್ತು ಎಂಬುದನ್ನು ಅದು ಅಂಕಿಯಲ್ಲಿ ದಾಖಲಿಸುತ್ತದೆ. ಧ್ವನಿಯಲ್ಲಿ ಅದು ಕೊಡುವ ಮೆಚ್ಚುಗೆಯನ್ನು ನಂಬದೆ, ಅದರ ಅಳತೆಯನ್ನು ಮಾತ್ರ ಬಳಸಿಕೊಂಡವರಿಗೆ ಎಲೆಕ್ಟ್ರಾನಿಕ್ ಕಿಟ್ ಒಳ್ಳೆಯ ಅಭ್ಯಾಸದ ಸಾಧನ. ಮುಂದಿನ ಬಹುಪಾಲು ಉತ್ತರಗಳು ಈ ಮಾತಿನ ಮೇಲೆಯೇ ನಿಂತಿವೆ.

ರುಡಿಮೆಂಟ್‌ಗಳು ಒಟ್ಟು ಎಷ್ಟು? ಎಲ್ಲವನ್ನೂ ಕಲಿಯಬೇಕೇ?

ಅಮೆರಿಕದ ರುಡಿಮೆಂಟಲ್ ಡ್ರಮ್ಮರ್‌ಗಳ ರಾಷ್ಟ್ರೀಯ ಸಂಘವು 1933ರಲ್ಲಿ ಹುಟ್ಟಿದಾಗ ಅತ್ಯಗತ್ಯವೆಂದು ಗುರುತಿಸಿದ್ದು 13 ರುಡಿಮೆಂಟ್‌ಗಳನ್ನು. ಆಮೇಲೆ ಆ ಪಟ್ಟಿ 26ಕ್ಕೆ ಬೆಳೆಯಿತು. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ 40ರ ಪಟ್ಟಿಯನ್ನು ಪರ್ಕಸಿವ್ ಆರ್ಟ್ಸ್ ಸೊಸೈಟಿ 1984ರಲ್ಲಿ ಹೊರತಂದಿತು. ಅದರಲ್ಲಿ ರೋಲ್, ಡಿಡಲ್, ಫ್ಲ್ಯಾಮ್, ಡ್ರ್ಯಾಗ್ ಎಂಬ ನಾಲ್ಕು ಕುಟುಂಬಗಳಿವೆ.

ನಲವತ್ತನ್ನೂ ಪಟ್ಟಿ ಹಿಡಿದು ಮುಗಿಸುವ ಆತುರ ಬೇಡ. ಸಿಂಗಲ್ ಸ್ಟ್ರೋಕ್ ರೋಲ್, ಡಬಲ್ ಸ್ಟ್ರೋಕ್ ರೋಲ್, ಸಿಂಗಲ್ ಪ್ಯಾರಾಡಿಡಲ್, ಫೈವ್ ಸ್ಟ್ರೋಕ್ ರೋಲ್, ಮುಖ್ಯ ಪೆಟ್ಟಿಗೆ ಮುಂಚೆ ಒಂದು ಸಣ್ಣ ಪೆಟ್ಟಿರುವ ಫ್ಲ್ಯಾಮ್, ಎರಡು ಸಣ್ಣ ಪೆಟ್ಟಿರುವ ಡ್ರ್ಯಾಗ್ ಈ ಆರು ಗಟ್ಟಿಯಾದರೆ ಉಳಿದವುಗಳಲ್ಲಿ ಹೆಚ್ಚಿನವು ಇವುಗಳ ಜೋಡಣೆಯೇ ಎಂಬುದು ತಾನಾಗಿ ಕಾಣಿಸುತ್ತದೆ. ಉದಾಹರಣೆಗೆ, ಪ್ಯಾರಾಡಿಡಲ್ ಎಂದರೆ ಎರಡು ಸಿಂಗಲ್ ಪೆಟ್ಟು ಮತ್ತು ಒಂದು ಡಬಲ್: ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಅದರ ಮೊದಲ ಪೆಟ್ಟಿಗೆ ಫ್ಲ್ಯಾಮ್ ಸೇರಿಸಿದರೆ ಫ್ಲ್ಯಾಮ್ ಪ್ಯಾರಾಡಿಡಲ್ ಆಯಿತು.

ಎಲ್ಲ ರುಡಿಮೆಂಟ್‌ಗಳನ್ನೂ ಎಲೆಕ್ಟ್ರಾನಿಕ್ ಪ್ಯಾಡ್ ಮೇಲೆ ಸರಿಯಾಗಿ ಕಲಿಯಬಹುದೇ?

ಎರಡು ಕಡೆ ಕಷ್ಟವಿದೆ. ಮೊದಲನೆಯದು ಬಜ್ ರೋಲ್. ಸ್ಟಿಕ್ಕನ್ನು ಚರ್ಮಕ್ಕೆ ಒತ್ತಿ ಹಲವು ಸಣ್ಣ ಪುಟಿತಗಳನ್ನು ಹೊರಡಿಸುವ ಈ ರೋಲನ್ನು ಸಾಮಾನ್ಯ ಮಾಡ್ಯೂಲ್ ಬಿಡಿಬಿಡಿ ಪೆಟ್ಟುಗಳಾಗಿ ಒದರುತ್ತದೆ, ಇಲ್ಲವೇ ಅರ್ಧವನ್ನು ನುಂಗಿಬಿಡುತ್ತದೆ. ಇದನ್ನು ಸಾದಾ ಪ್ರಾಕ್ಟೀಸ್ ಪ್ಯಾಡ್ ಮೇಲೆ ಅಥವಾ ನಿಜವಾದ ಸ್ನೇರ್ ಮೇಲೆ ಕಲಿಯುವುದೇ ಒಳ್ಳೆಯದು.

ಎರಡನೆಯದು ಫ್ಲ್ಯಾಮ್. ಇದರಲ್ಲಿ ಮುಖ್ಯ ಪೆಟ್ಟಿಗೆ ಕೂದಲೆಳೆಯಷ್ಟು ಮೊದಲು ಒಂದು ಸಣ್ಣ ಪೆಟ್ಟು ಬೀಳಬೇಕು. ಒಂದೇ ಪೆಟ್ಟು ಎರಡು ಬಾರಿ ಕೇಳಿಸದಿರಲೆಂದು, ಒಂದು ಪೆಟ್ಟು ಬಿದ್ದ ಕೆಲವು ಮಿಲಿಸೆಕೆಂಡ್‌ಗಳವರೆಗೆ ಮಾಡ್ಯೂಲ್ ಕಿವಿ ಮುಚ್ಚಿಕೊಳ್ಳುತ್ತದೆ. ಇದನ್ನು ಸೆಟ್ಟಿಂಗ್‌ಗಳಲ್ಲಿ ಮಾಸ್ಕ್ ಟೈಮ್ ಎಂದು ಕರೆಯುತ್ತಾರೆ. ಇದು ಜಾಸ್ತಿ ಇದ್ದರೆ ನೀವು ಸರಿಯಾಗಿ ನುಡಿಸಿದ ಫ್ಲ್ಯಾಮ್ ಒಂದೇ ಪೆಟ್ಟಾಗಿ ಕೇಳಿಸುತ್ತದೆ. ಆಗ ಕಲಿಯುವವರು ಎರಡೂ ಪೆಟ್ಟು ಕೇಳಿಸಲೆಂದು ಅಂತರವನ್ನು ಹಿಗ್ಗಿಸುತ್ತ ಹೋಗಿ ಕೊನೆಗೆ ಫ್ಲ್ಯಾಮ್ ಸಡಿಲವಾಗುತ್ತದೆ. ಮಾಸ್ಕ್ ಟೈಮನ್ನು, ಒಂದೇ ಪೆಟ್ಟು ಎರಡು ಬಾರಿ ಕೇಳಿಸದಷ್ಟು ಮಟ್ಟಿಗೆ ಇಳಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಕಿಟ್ ಆಫ್ ಮಾಡಿ, ಪ್ಯಾಡ್‌ನ ಮೇಲೆ ಸ್ಟಿಕ್ ಮಾಡುವ ಸದ್ದನ್ನೇ ಕೇಳಿಕೊಂಡು ಫ್ಲ್ಯಾಮ್ ಅಭ್ಯಾಸ ಮಾಡಿ.

ಮೆಶ್ ಪ್ಯಾಡ್ ಮೇಲೆ ಡಬಲ್ ಸ್ಟ್ರೋಕ್ ಚೆನ್ನಾಗಿಯೇ ಬರುತ್ತದೆ, ಆದರೆ ಅಕೂಸ್ಟಿಕ್ ಕಿಟ್‌ನ ಟಾಮ್ (ಸ್ನೇರ್‌ಗಿಂತ ಆಳದ ಧ್ವನಿಯ ಡ್ರಮ್) ಮೇಲೆ ಬರುವುದಿಲ್ಲ. ಏಕೆ?

ನಿಮ್ಮ ಎರಡನೆಯ ಪೆಟ್ಟನ್ನು ಇದುವರೆಗೆ ಹೊಡೆದದ್ದು ನೀವಲ್ಲ, ಮೆಶ್. ಟಾಮ್‌ನ ಸಡಿಲವಾದ ಚರ್ಮ ಅಷ್ಟು ಪುಟಿಯದ ಕಾರಣ ಆ ಪೆಟ್ಟು ಅಲ್ಲಿ ಸತ್ತುಹೋಗುತ್ತದೆ.

ಮೊದಲು ಡ್ರಮ್ ಕೀ ತೆಗೆದುಕೊಂಡು ಮೆಶ್ ಹೆಡ್‌ನ ಬಿಗಿಯನ್ನು ಸುತ್ತಲೂ ಸಮನಾಗಿ ಸ್ವಲ್ಪ ಇಳಿಸಿ. ಬಳಿಕ 60ರ ವೇಗದಲ್ಲಿ (ಲಯ ತೋರಿಸುವ ಮೆಟ್ರೊನೋಮ್‌ನಲ್ಲಿ ನಿಮಿಷಕ್ಕೆ 60 ಕ್ಲಿಕ್), ಒಂದು ಕ್ಲಿಕ್‌ಗೆ ಎರಡು ಪೆಟ್ಟಿನಂತೆ, ಬಲ-ಬಲ-ಎಡ-ಎಡ ನುಡಿಸಿ. ಮೊದಲ ಪೆಟ್ಟು ಮಣಿಕಟ್ಟಿನಿಂದ ಬರಲಿ. ಸ್ಟಿಕ್ ಎದ್ದಾಗ ಹಿಂದಿನ ಮೂರು ಬೆರಳುಗಳು ಸಡಿಲಗೊಂಡು, ಎರಡನೆಯ ಪೆಟ್ಟಿಗೆ ಅವು ಸ್ಟಿಕ್‌ನ ಹಿಂಭಾಗವನ್ನು ಅಂಗೈಯೊಳಕ್ಕೆ ಎಳೆದುಕೊಳ್ಳಲಿ. ಸ್ಟಿಕ್‌ನ ತುದಿ ಎರಡೂ ಪೆಟ್ಟಿಗೆ ಒಂದೇ ಎತ್ತರಕ್ಕೆ ಏಳುತ್ತಿದೆಯೇ ಎಂದು ನೋಡಲು ಎದುರಿಗೆ ಕನ್ನಡಿ ಇಟ್ಟುಕೊಳ್ಳುವುದು ಅಥವಾ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯುವುದು ಉಪಯುಕ್ತ. ಕೆಲವು ದಿನ ಬೇಕೆಂದೇ ಎರಡನೆಯ ಪೆಟ್ಟಿಗೆ ಒತ್ತು ಕೊಟ್ಟು ನುಡಿಸಿ. ಕೊನೆಯ ಐದು ನಿಮಿಷ ಇದನ್ನೇ ತಲೆದಿಂಬಿನ ಮೇಲೆ ನುಡಿಸಿದರೆ, ಪುಟಿತವೇ ಇಲ್ಲದ ಜಾಗದಲ್ಲಿ ಬೆರಳು ಎಷ್ಟು ದುಡಿಯಬೇಕೆಂಬುದು ಅರ್ಥವಾಗುತ್ತದೆ. ದಿಂಬಿನ ಮೇಲೆ ವೇಗಕ್ಕೆ ಹೋಗಬೇಡಿ. ಮುಂಗೈ ಬಿಗಿದುಕೊಂಡು ನೋವು ಶುರುವಾಗುತ್ತದೆ.

ಮಾಡ್ಯೂಲ್‌ನ ಸೆಟ್ಟಿಂಗ್‌ಗಳಲ್ಲಿ ಏನನ್ನು ಬದಲಿಸಬೇಕು?

ಮಾಸ್ಕ್ ಟೈಮ್ ಬಗ್ಗೆ ಮೇಲೆ ಹೇಳಿದೆ. ಪೆಟ್ಟಿನ ಬಲಕ್ಕೆ ಎಷ್ಟು ಧ್ವನಿ ಎಂದು ನಿರ್ಧರಿಸುವ ವೆಲಾಸಿಟಿ ಕರ್ವ್ ಎಂಬುದು ಇದ್ದರೆ ಅದನ್ನು ಲೀನಿಯರ್‌ನಲ್ಲಿ, ಅಂದರೆ ಬಲಕ್ಕೆ ತಕ್ಕಷ್ಟೇ ಧ್ವನಿ ಬರುವಂತೆ, ಇಡಿ. ಥ್ರೆಶೋಲ್ಡನ್ನು (ಪ್ಯಾಡ್ ನುಡಿಯಲು ಬೇಕಾದ ಕನಿಷ್ಠ ಬಲ), ಪಕ್ಕದ ಪ್ಯಾಡ್ ಹೊಡೆದಾಗ ಇದು ತಾನಾಗಿ ನುಡಿಯದಿರುವಷ್ಟರ ಮಟ್ಟಿಗೆ ಮಾತ್ರ ಏರಿಸಿ, ಏಕೆಂದರೆ ಅದು ಹೆಚ್ಚಾದಷ್ಟೂ ಮೆಲುಪೆಟ್ಟುಗಳು ಕಾಣೆಯಾಗುತ್ತವೆ. ಪ್ರತಿಧ್ವನಿ, ರಿವರ್ಬ್ ಮುಂತಾದವನ್ನು ಅಭ್ಯಾಸದ ಹೊತ್ತಿನಲ್ಲಿ ಸೊನ್ನೆಗೆ ಇಳಿಸಿ, ಬರಿಯ ಒಣ ಸ್ನೇರ್ ಧ್ವನಿಯೊಂದನ್ನು ಆರಿಸಿಕೊಂಡು ಅದರಲ್ಲೇ ಇರಿ. ನೂರಾರು ಧ್ವನಿಗಳಿವೆ ಎಂದು ಡಬ್ಬದ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ; ಅವನ್ನು ತಿರುವಿ ಹಾಕುವುದರಲ್ಲೇ ಸಂಜೆಯ ಅರ್ಧ ಗಂಟೆ ಮುಗಿಯುವುದು ಎಲ್ಲರ ಮನೆಯಲ್ಲೂ ನಡೆಯುವ ಸಂಗತಿ.

ಮೆಟ್ರೊನೋಮ್ ವೇಗವನ್ನು ಎಷ್ಟಕ್ಕೆ ಇಟ್ಟುಕೊಳ್ಳಬೇಕು?

ತಪ್ಪಿಲ್ಲದೆ ನುಡಿಸಬಲ್ಲ ವೇಗಕ್ಕಿಂತ ಸ್ವಲ್ಪ ಕೆಳಗೆ. ಹೊಸಬರಿಗೆ 60 ಒಳ್ಳೆಯದು. ಅಲ್ಲಿ ಒಂದು ಕ್ಲಿಕ್‌ನಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಸೆಕೆಂಡ್, ನಾಲ್ಕು ಪೆಟ್ಟು ತುಂಬಿಸಿದರೆ ಪೆಟ್ಟಿನಿಂದ ಪೆಟ್ಟಿಗೆ 250 ಮಿಲಿಸೆಕೆಂಡ್. ನಿಧಾನವಾದ ವೇಗವೇ ಕಷ್ಟ ಎಂಬುದು ಬೇಗ ತಿಳಿಯುತ್ತದೆ, ಏಕೆಂದರೆ ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗ ದೊಡ್ಡದಾದಷ್ಟೂ ಅದನ್ನು ಮನಸ್ಸಿನಲ್ಲೇ ಅಳೆಯಬೇಕಾಗುತ್ತದೆ. ಒಂದು ವೇಗದಲ್ಲಿ ಎರಡು ನಿಮಿಷ ನಿಲ್ಲದೆ, ಭುಜ ಬಿಗಿಯದೆ, ಎರಡೂ ಕೈಯ ಧ್ವನಿ ಒಂದೇ ಆಗಿ ಬಂದರೆ ಮಾತ್ರ ನಾಲ್ಕೈದು ಅಂಕಿ ಏರಿಸಿ. ದಿನವೂ ನಿನ್ನೆಯ ಗರಿಷ್ಠ ವೇಗದಿಂದಲೇ ಶುರು ಮಾಡುವ ಅಭ್ಯಾಸ ಬೇಡ.

ಕ್ಲಿಕ್ ಇರುವಾಗ ಸರಿಯಾಗಿ ನುಡಿಸುತ್ತೇನೆ, ನಿಂತರೆ ಓಡುತ್ತೇನೆ. ಏನು ಮಾಡಬೇಕು?

ಕ್ಲಿಕ್ಕನ್ನು ಹಿಂಬಾಲಿಸುವುದಕ್ಕೂ ಲಯವನ್ನು ಹಿಡಿದಿಡುವುದಕ್ಕೂ ವ್ಯತ್ಯಾಸವಿದೆ. ಸೆಕೆಂಡಿಗೊಮ್ಮೆ ಯಾರೋ ದಾರಿ ತೋರಿಸುತ್ತಿದ್ದರೆ ಸಣ್ಣ ಸಣ್ಣ ತಿದ್ದುಪಡಿ ಮಾಡಿಕೊಂಡು ಹೇಗೋ ಸಾಗಬಹುದು, ಆದ್ದರಿಂದ ಕ್ಲಿಕ್ಕನ್ನು ಕ್ರಮೇಣ ಕಡಿಮೆ ಮಾಡಬೇಕು.

ಮೊದಲ ಹೆಜ್ಜೆಯಾಗಿ ಮೆಟ್ರೊನೋಮನ್ನು 40ಕ್ಕೆ ಇಟ್ಟು, ಆ ಕ್ಲಿಕ್‌ಗಳನ್ನು 80ರ ವೇಗದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳೆಂದು ಭಾವಿಸಿ ನುಡಿಸಿ. ಒಂದನೆಯ ಎಣಿಕೆಯನ್ನು ನೀವೇ ಹುಡುಕಿಕೊಳ್ಳಬೇಕಾಗುತ್ತದೆ. ಅದು ಹಿಡಿತಕ್ಕೆ ಬಂದ ಮೇಲೆ ಎರಡು ಬಾರ್ (ಒಂದು ಬಾರ್ ಎಂದರೆ ನಾಲ್ಕು ಎಣಿಕೆ) ಕ್ಲಿಕ್, ಎರಡು ಬಾರ್ ಮೌನ; ಆಮೇಲೆ ನಾಲ್ಕು ಬಾರ್ ಮೌನ. ಈ ಸೌಲಭ್ಯ ಹಲವು ಮಾಡ್ಯೂಲ್‌ಗಳಲ್ಲೂ ಮೊಬೈಲ್ ಆ್ಯಪ್‌ಗಳಲ್ಲೂ ಇದೆ. 80ರ ವೇಗದಲ್ಲಿ ನಾಲ್ಕು ಬಾರ್ ಎಂದರೆ 16 ಎಣಿಕೆ, 12 ಸೆಕೆಂಡ್. ನೀವು 80ರ ಬದಲು 82ಕ್ಕೆ ಜಾರಿದ್ದರೂ ಮೌನ ಮುಗಿಯುವ ಹೊತ್ತಿಗೆ ಸುಮಾರು 0.3 ಸೆಕೆಂಡ್ ಮುಂದಿರುತ್ತೀರಿ. ಅದು ಒಂದು ಎಣಿಕೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಕೇವಲ ಎರಡು ಅಂಕಿಯ ಓಟ ಹೀಗೆ ಎದ್ದು ಕಾಣುವುದರಿಂದಲೇ ಈ ಅಭ್ಯಾಸ ಅಷ್ಟು ನಿಷ್ಠುರ.

ಓಟ ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ಗಮನಿಸಿ. ಸಾಮಾನ್ಯವಾಗಿ ಅದು ಫಿಲ್‌ಗೆ (ನಡುವೆ ತುಂಬುವ ಚಿಕ್ಕ ಅಲಂಕಾರ) ಕಾಲಿಡುವ ಜಾಗದಲ್ಲಿರುತ್ತದೆ. ಮೆಲ್ಲನೆ ನುಡಿಸಬೇಕಾದಲ್ಲಿ ಅದೇ ಕೈ ಹಿಂದೆ ಬೀಳುತ್ತದೆ. ಮೂರು ಬಾರ್ ಸರಳ ಗ್ರೂವ್ (ಮರಳಿ ಮರಳಿ ಬರುವ ಮೂಲ ನಡೆ), ನಾಲ್ಕನೆಯ ಬಾರ್‌ನಲ್ಲಿ ಪ್ಯಾರಾಡಿಡಲ್ ಫಿಲ್, ಆ ನಾಲ್ಕನೆಯ ಬಾರ್‌ನಲ್ಲಿ ಮಾತ್ರ ಕ್ಲಿಕ್ ಮೌನ ಎಂದು ಹೊಂದಿಸಿಕೊಂಡರೆ ರೋಗ ಇರುವ ಜಾಗಕ್ಕೇ ಔಷಧ ತಾಗುತ್ತದೆ.

ಮೃದಂಗ ಅಥವಾ ಕೊನ್ನಕ್ಕೋಲ್ (ಬಾಯಲ್ಲಿ ಜತಿ ಹೇಳುವ ಕಲೆ) ಸ್ವಲ್ಪ ಕಲಿತಿದ್ದೇನೆ. ಅದರಿಂದ ಉಪಯೋಗವಿದೆಯೇ?

ಬಹಳ ಇದೆ, ಮತ್ತು ಬೆಂಗಳೂರಿನಲ್ಲಿ ಇದು ಹೊಸ ಮಾತೂ ಅಲ್ಲ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಇಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ನಮ್ಮ ತಾಳವಾದ್ಯಗಳನ್ನೂ ಪಾಶ್ಚಾತ್ಯ ಜಾಝ್ ಸಂಗೀತಗಾರರನ್ನೂ ಒಂದೇ ವೇದಿಕೆಗೆ ತಂದಿತ್ತು. ಡ್ರಮ್ಸ್ ಕಲಿಯುವವರಿಗೆ ನಮ್ಮ ಪದ್ಧತಿಯಿಂದ ಸಿಗುವ ದೊಡ್ಡ ಲಾಭವೆಂದರೆ, ಕೈ ನುಡಿಸುವ ಮೊದಲು ಬಾಯಿ ಹೇಳುವ ಶಿಸ್ತು.

ಒಂದು ಅಭ್ಯಾಸವನ್ನು ವಿವರವಾಗಿ ನೋಡೋಣ. ಆದಿತಾಳದ ಒಂದು ಆವರ್ತಕ್ಕೆ ಎಂಟು ಅಕ್ಷರ: ನಾಲ್ಕಕ್ಷರದ ಒಂದು ಲಘು, ಎರಡೆರಡು ಅಕ್ಷರದ ಎರಡು ದ್ರುತ. ಅಕ್ಷರಕ್ಕೆ ಒಂದು ಕ್ಲಿಕ್ ಇಟ್ಟುಕೊಂಡು ತಿಶ್ರ ನಡೆಯಲ್ಲಿ, ಅಂದರೆ ಅಕ್ಷರಕ್ಕೆ ಮೂರು ಪೆಟ್ಟಿನಂತೆ, ಪ್ಯಾರಾಡಿಡಲ್ ನುಡಿಸಿ. ಬಾಯಲ್ಲಿ ‘ತಕಿಟ ತಕಿಟ’ ನಡೆಯುತ್ತಿರಲಿ, ಕೈಯಲ್ಲಿ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಸಾಗಲಿ. ಆವರ್ತಕ್ಕೆ 24 ಪೆಟ್ಟು. ನಾಲ್ಕು ಪೆಟ್ಟಿನ ಆರು ಗುಂಪುಗಳು ಅದರಲ್ಲಿ ಸರಿಯಾಗಿ ಕೂರುತ್ತವೆ. ಪ್ರತಿ ಗುಂಪಿನ ಮೊದಲ ಪೆಟ್ಟಿಗೆ ಒತ್ತು ಕೊಟ್ಟರೆ, ಆ ಒತ್ತು ಕ್ಲಿಕ್ ಮೇಲೆ ಬೀಳುವುದು ಎರಡೇ ಕಡೆ: ಸಮದಲ್ಲಿ, ಅಂದರೆ ಆವರ್ತದ ಮೊದಲ ಅಕ್ಷರದಲ್ಲಿ, ಬಲಗೈಯಿಂದ, ಮೊದಲ ದ್ರುತದ ಪೆಟ್ಟಿನಲ್ಲಿ, ಅಂದರೆ ಐದನೆಯ ಅಕ್ಷರದಲ್ಲಿ, ಎಡಗೈಯಿಂದ. ಉಳಿದ ನಾಲ್ಕೂ ಒತ್ತುಗಳು ಕ್ಲಿಕ್‌ಗಳ ನಡುವೆ ಬೀಳುತ್ತವೆ. ಐದನೆಯ ಅಕ್ಷರಕ್ಕೆ ಎಡಗೈ ಒತ್ತು ಬರಲಿಲ್ಲವೆಂದರೆ ನಡುವೆ ಎಲ್ಲೋ ಪೆಟ್ಟು ತಪ್ಪಿದೆ ಎಂದೇ ಅರ್ಥ. ಬೇರೆ ಯಾರೂ ಪರೀಕ್ಷಿಸಬೇಕಾಗಿಲ್ಲ. ಖಂಡ ನಡೆಯಲ್ಲಿ ‘ತಕತಕಿಟ’ ಎಂದು ಇದನ್ನೇ ಮಾಡಿದರೆ ಆವರ್ತಕ್ಕೆ 40 ಪೆಟ್ಟು, ಹತ್ತು ಗುಂಪು. ಎಂಟಕ್ಷರವನ್ನು ಯಾವ ನಡೆಯಿಂದ ಗುಣಿಸಿದರೂ ಎಂಟು ಪೆಟ್ಟಿನ ಪೂರ್ಣ ಪ್ಯಾರಾಡಿಡಲ್ ಸಮಕ್ಕೆ ಬಂದು ಮುಗಿಯುತ್ತದೆ.

ಸಂಗೀತ ಕಚೇರಿಗೆ ಹೋಗುವ ರೂಢಿ ಇದ್ದವರು ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಕುಳಿತು, ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಮುಗಿಯುವ ತನಕ ತೊಡೆಯ ಮೇಲೆ ತಾಳ ಬಿಡದೆ ಹಾಕಿ ನೋಡಲಿ. ಕ್ಲಿಕ್ ಇಲ್ಲದೆ ಲಯ ಹಿಡಿಯುವ ಪಾಠಕ್ಕೆ ಅದಕ್ಕಿಂತ ಒಳ್ಳೆಯ ತರಗತಿ ನನಗೆ ಗೊತ್ತಿಲ್ಲ.

ಮಾಡ್ಯೂಲ್‌ನಲ್ಲಿ ಅಭ್ಯಾಸಕ್ಕೆ ಅಂಕ ಹಾಕುವ ಕೋಚ್ ಸೌಲಭ್ಯ ನನಗೆ 95 ಅಂಕ ಕೊಡುತ್ತದೆ. ಲಯ ಸರಿಯಾಗಿದೆ ಎಂದುಕೊಳ್ಳಬಹುದೇ?

ಅಂಕ ಕೊಡುವಾಗ ಮಾಡ್ಯೂಲ್ ಪ್ರತಿ ಪೆಟ್ಟಿನ ಹಿಂದೆ ಮುಂದೆ ಒಂದು ಕಿಟಕಿಯಷ್ಟು ರಿಯಾಯಿತಿ ಕೊಡುತ್ತದೆ. ಆ ಕಿಟಕಿಯೊಳಗೆ ಎಲ್ಲಿ ಬಿದ್ದರೂ ಸರಿ ಎಂದೇ ಲೆಕ್ಕ. ಪೆಟ್ಟುಗಳೆಲ್ಲ ಸತತವಾಗಿ ಸ್ವಲ್ಪ ಮುಂದೆ ಬೀಳುತ್ತಿವೆಯೇ, ಒಂದು ಹಿಂದೆ ಒಂದು ಮುಂದೆ ಅಲುಗಾಡುತ್ತಿವೆಯೇ ಎಂಬುದು ಒಂದೇ ಅಂಕಿಯಿಂದ ತಿಳಿಯದು. ಮೊದಲನೆಯದು ಶೈಲಿಯೂ ಆಗಿರಬಹುದು, ಎರಡನೆಯದು ಖಂಡಿತ ದೋಷ.

ಮಾಡ್ಯೂಲನ್ನು ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಯಾವುದಾದರೂ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಮಿಡಿ ರೂಪದಲ್ಲಿ (ಧ್ವನಿಯಲ್ಲ, ಪೆಟ್ಟಿನ ಸಮಯ ಮತ್ತು ಬಲದ ಅಂಕಿ) ದಾಖಲಿಸಿಕೊಳ್ಳಿ. ಪೆಟ್ಟುಗಳನ್ನು ತಾನಾಗಿ ಸರಿಯಾದ ಜಾಗಕ್ಕೆ ಸರಿಸುವ ಕ್ವಾಂಟೈಸ್ ಕಡ್ಡಾಯವಾಗಿ ಆಫ್ ಇರಲಿ. ಪರದೆಯ ಮೇಲೆ ಗೆರೆಗಳಿಗೆ ಹೋಲಿಸಿ ಪ್ರತಿ ಪೆಟ್ಟು ಎಲ್ಲಿದೆ ಎಂಬುದು ಕಾಣುತ್ತದೆ. ಅದರ ಜೊತೆಗೆ ಪ್ರತಿ ಪೆಟ್ಟಿನ ಬಲ 1ರಿಂದ 127ರವರೆಗಿನ ವೆಲಾಸಿಟಿ ಅಂಕಿಯಾಗಿ ಸಿಗುತ್ತದೆ. ಡಬಲ್ ಸ್ಟ್ರೋಕ್ ರೋಲ್‌ನಲ್ಲಿ ಬಲಗೈ 92, 85 ಎಂದಿದ್ದು ಎಡಗೈ 80, 51 ಎಂದು ಕಂಡರೆ, ಕಿವಿಗೆ ಚೆನ್ನಾಗಿಯೇ ಕೇಳಿದ ಆ ರೋಲ್‌ನಲ್ಲಿ ಯಾವ ಬೆರಳುಗಳು ಮಲಗಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ವಾರಕ್ಕೊಮ್ಮೆ ಹೀಗೆ ನೋಡಿದರೆ ಸಾಕು. ದಿನವೂ ಅಂಕಿಗಳನ್ನೇ ನೋಡುತ್ತ ಕುಳಿತರೆ ಕಿವಿ ಸೋಮಾರಿಯಾಗುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಬಳಸಬಹುದೇ?

ಬೇಡ. 100ರ ವೇಗದಲ್ಲಿ ಎಣಿಕೆಗೆ ನಾಲ್ಕು ಪೆಟ್ಟು ನುಡಿಸುವಾಗ ಪೆಟ್ಟುಗಳ ಅಂತರ 150 ಮಿಲಿಸೆಕೆಂಡ್. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್ ಧ್ವನಿಯನ್ನು ತಲುಪಿಸುವಲ್ಲಿ ಮಾಡುವ ತಡವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ತಂತಿಯ ಹೆಡ್‌ಫೋನನ್ನೇ ಬಳಸಿ, ಧ್ವನಿಯನ್ನು ಮಿತವಾಗಿ ಇಡಿ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಕೇಳುವುದು ಕಿವಿಯ ಮಿತಿ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಶಿಫಾರಸು ಹೇಳುತ್ತದೆ, ಮತ್ತು ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ.

ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತೇನೆ, ಆದರೂ ಕೆಳಮನೆಯವರು ದೂರುತ್ತಾರೆ. ಏಕೆ?

ಅವರಿಗೆ ಕೇಳಿಸುತ್ತಿರುವುದು ಗಾಳಿಯಲ್ಲಿ ಬರುವ ಸದ್ದಲ್ಲ, ನೆಲದ ಮೂಲಕ ಇಳಿಯುವ ಅದುರುವಿಕೆ. ಕಿಕ್ ಪೆಡಲ್‌ನ ಬೀಟರ್ ಪ್ಯಾಡಿಗೆ ಬಡಿದಾಗ ಆ ಬಲ ಸ್ಟ್ಯಾಂಡಿನ ಕಾಲುಗಳ ಮೂಲಕ ಆರ್‌ಸಿಸಿ ಮಾಡಿಗೆ ಹೋಗಿ, ಕೆಳಗಿನ ಕೋಣೆಯಲ್ಲಿ ಯಾರೋ ತಾರಸಿಯನ್ನು ಗುದ್ದಿದಂತೆ ಕೇಳುತ್ತದೆ. ಕಿಟ್‌ನ ಕೆಳಗೆ ತೆಳುವಾದ ಕಾರ್ಪೆಟ್ ಹಾಸುವುದರಿಂದ ಇದು ನಿಲ್ಲುವುದಿಲ್ಲ. ಎರಡು ದಪ್ಪ ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು, ಅವು ಉರುಳದಂತೆ ಕೆಳಗಿನ ಹಲಗೆಯಲ್ಲಿ ಗುಂಡಿ ತೆಗೆದು ಕೂರಿಸಿ, ಇಡೀ ಕಿಟ್ಟನ್ನೂ ನಿಮ್ಮ ಸ್ಟೂಲನ್ನೂ ಅದರ ಮೇಲಿಡುವ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಬಡಗಿಯೊಬ್ಬರಿಗೆ ಹೇಳಿದರೆ ಅರ್ಧ ದಿನದ ಕೆಲಸ. ಮಾಡಿನ ನಟ್ಟನಡುವೆ ಅದುರುವಿಕೆ ಹೆಚ್ಚು, ಆದ್ದರಿಂದ ಕಿಟ್ಟನ್ನು ಕೋಣೆಯ ಮೂಲೆಗೆ, ಕಂಬ ಅಥವಾ ತೊಲೆ ಇರುವ ಕಡೆಗೆ ಸರಿಸಿ.

ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೀಗೆ ಹೇಳುತ್ತವೆ. ಆದರೆ ಅಂಕಿ ಹಿಡಿದು ವಾದ ಮಾಡುವುದಕ್ಕಿಂತ, ಒಮ್ಮೆ ಕೆಳಮನೆಗೇ ಹೋಗಿ ನಿಂತು ಮನೆಯಲ್ಲಿ ಬೇರೆ ಯಾರಿಂದಾದರೂ ಕಿಕ್ ನುಡಿಸಿ ಕೇಳಿಸಿಕೊಳ್ಳುವುದು ಮೇಲು. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆಗಳ ತಿಂಗಳಲ್ಲಿ ಕಾಲಿನ ಅಭ್ಯಾಸವನ್ನು ಬದಿಗಿಟ್ಟು ಕೈಯದನ್ನಷ್ಟೇ ಮಾಡಿದರೆ ವರ್ಷದ ಉಳಿದ ಕಾಲ ನೆಮ್ಮದಿಯಿಂದ ನುಡಿಸಬಹುದು.

ಕಾಲುಗಳಿಗೂ ರುಡಿಮೆಂಟ್ ಅಭ್ಯಾಸ ಬೇಕೇ?

ಆರಂಭದಲ್ಲಿ ಕಾಲು ಲಯ ಹೇಳಿದರೆ ಸಾಕು. ಎಡಗಾಲು ಹೈ-ಹ್ಯಾಟ್ ಪೆಡಲ್ ಮೇಲೆ ಎರಡು ಮತ್ತು ನಾಲ್ಕನೆಯ ಎಣಿಕೆಗೆ ಇಳಿಯಲಿ, ಕೈಯಲ್ಲಿ ರುಡಿಮೆಂಟ್ ಸಾಗಲಿ. ಕೈ ಗಡಿಬಿಡಿಯಾದಾಗ ಕಾಲೂ ಗಡಿಬಿಡಿಯಾಗುವುದನ್ನು ನೀವು ಮೊದಲ ದಿನವೇ ಕಾಣುವಿರಿ.

ದಿನಕ್ಕೆ ಎಷ್ಟು ಹೊತ್ತು? ಕರೆಂಟ್ ಹೋದರೆ?

ಕೆಲಸಕ್ಕೆ ಹೋಗಿಬರುವವರಿಗೆ ದಿನಕ್ಕೆ ಅರ್ಧ ಗಂಟೆ ಸಾಕು, ಅದು ತಪ್ಪದೆ ನಡೆದರೆ. ಭಾನುವಾರದ ಮೂರು ಗಂಟೆ ಅದಕ್ಕೆ ಸಮವಲ್ಲ. ಮಣಿಕಟ್ಟಿನಲ್ಲಿ ಚುಚ್ಚುವಂಥ ನೋವು ಬಂದರೆ ಅಂದಿಗೆ ನಿಲ್ಲಿಸಿ. ಕರೆಂಟ್ ಹೋದ ಹೊತ್ತು ಅಭ್ಯಾಸಕ್ಕೆ ರಜೆಯಲ್ಲ. ಆಗಿನ ಮೂಕ ಪ್ಯಾಡ್‌ಗಳಲ್ಲಿ ಎಡಗೈ ಬಲಗೈಗಳ ಪೆಟ್ಟು ಸಮವಾಗಿದೆಯೇ ಎಂಬುದು ಹೆಡ್‌ಫೋನ್‌ಗಿಂತ ಚೆನ್ನಾಗಿ ಕೇಳುತ್ತದೆ.

ಮೊದಲ ಬಾರಿ ಜಾಮ್ ರೂಮ್‌ನಲ್ಲಿ (ಬ್ಯಾಂಡ್‌ಗಳು ಅಭ್ಯಾಸ ಮಾಡುವ ಕೋಣೆ) ಅಕೂಸ್ಟಿಕ್ ಕಿಟ್ ನುಡಿಸಲಿದ್ದೇನೆ. ಏನನ್ನು ನಿರೀಕ್ಷಿಸಬೇಕು?

ನಗರದ ಜಾಮ್ ರೂಮ್‌ಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ. ಬ್ಯಾಂಡ್ ಜೊತೆ ಹೋಗುವ ಮೊದಲು ಒಬ್ಬರೇ ಒಂದು ಗಂಟೆ ಹಿಡಿದುಕೊಳ್ಳಿ, ಇಯರ್‌ಪ್ಲಗ್ ಮರೆಯಬೇಡಿ. ಸ್ಟೂಲ್ ಮತ್ತು ಸ್ನೇರ್‌ನ ಎತ್ತರವನ್ನು ಮನೆಯಲ್ಲಿ ಮೊದಲೇ ಅಳೆದುಕೊಂಡು ಹೋಗಿ ಅಲ್ಲಿಯೂ ಹಾಗೆಯೇ ಹೊಂದಿಸಿ, ಏಕೆಂದರೆ ಅಲ್ಲಿನ ಟಾಮ್‌ಗಳು ದೊಡ್ಡವು, ನಿಮ್ಮ ಪ್ಯಾಡ್‌ಗಳಿಗಿಂತ ದೂರದೂರ ಇರುತ್ತವೆ. ಮೊದಲ ಹತ್ತು ನಿಮಿಷ ಸ್ನೇರ್ ಮೇಲೆ ಡಬಲ್ ಸ್ಟ್ರೋಕ್ ಮತ್ತು ಫ್ಲ್ಯಾಮ್ ಮಾತ್ರ ನುಡಿಸಿ, ಬಳಿಕ ಅದನ್ನೇ ಫ್ಲೋರ್ ಟಾಮ್‌ಗೆ ಒಯ್ಯಿರಿ. ಸಿಂಬಲ್‌ಗಳ ಸದ್ದು ನಿಮ್ಮ ಸ್ನೇರನ್ನು ಮುಳುಗಿಸುವುದು ಖಚಿತ. ಮನೆಯಲ್ಲಿ ಮಾಡ್ಯೂಲ್ ತಾನೇ ಮಾಡುತ್ತಿದ್ದ ಆ ಸಮತೋಲವನ್ನು ಇಲ್ಲಿ ಬಲಗೈ ತಗ್ಗಿಸಿ ನೀವೇ ಮಾಡಬೇಕು. ಕ್ಲಿಕ್ ಬೇಕಿದ್ದರೆ ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನ್ ತನ್ನಿ, ಮೊಬೈಲ್ ಸ್ಪೀಕರ್ ಅಲ್ಲಿ ಕೇಳಿಸುವುದಿಲ್ಲ.